ರಜಾದಿನದ ಬೇಸ್‌ಬಾಲ್: ನೆನಪಿನಲ್ಲಿ ಉಳಿದ ಪಂದ್ಯಗಳು, ಪಿಚರ್‌ಗಳ ವಿಚಿತ್ರ ದಾಖಲೆಗಳು

ಅಮೆರಿಕದ ವೃತ್ತಿಪರ ಬೇಸ್‌ಬಾಲ್ ಋತು ವಸಂತದಲ್ಲಿ ಆರಂಭಗೊಂಡು ಶರತ್ಕಾಲದಲ್ಲಿ ಮುಕ್ತಾಯವಾಗುತ್ತದೆ. ಈ ಅವಧಿಯಲ್ಲಿ ಆ ದೇಶದ ಹಲವು ಪ್ರಮುಖ ರಜಾದಿನಗಳು ಬರುತ್ತವೆ. ಏಪ್ರಿಲ್‌ನಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ದೇಶಭಕ್ತರ ದಿನ, ಮೇ ತಿಂಗಳಿನಲ್ಲಿ ತಾಯಂದಿರ ದಿನ ಮತ್ತು ಹುತಾತ್ಮ ಯೋಧರ ಸ್ಮರಣಾ ದಿನ, ಜೂನ್‌ನಲ್ಲಿ ತಂದೆಯರ ದಿನ, ಜುಲೈ 4ರಂದು ಸ್ವಾತಂತ್ರ್ಯ ದಿನ, ಸೆಪ್ಟೆಂಬರ್ ಮೊದಲ ಸೋಮವಾರ ಕಾರ್ಮಿಕ ದಿನ. ಕಚೇರಿ, ಕಾರ್ಖಾನೆಗಳಿಗೆ ಬಿಡುವಿರುವ ಈ ದಿನಗಳಲ್ಲಿ ಕ್ರೀಡಾಂಗಣಕ್ಕೆ ಜನ ಕುಟುಂಬ ಸಮೇತ ಬರುವುದು ಹಳೆಯ ವಾಡಿಕೆ. ಒಂದೇ ದಿನ ಎರಡು ಪಂದ್ಯಗಳನ್ನು ಏರ್ಪಡಿಸುವ ಪದ್ಧತಿ ಬೆಳೆದದ್ದೂ ಮುಖ್ಯವಾಗಿ ಈ ದಿನಗಳಿಂದಲೇ.

ಇಂತಹ ದಿನಗಳಂದು ನಡೆದು ಇತಿಹಾಸದಲ್ಲಿ ಉಳಿದ ಕೆಲವು ಪಂದ್ಯಗಳ ಹಾಗೂ ಪಿಚರ್‌ಗಳು ಸ್ಥಾಪಿಸಿದ ಅಪರೂಪದ ದಾಖಲೆಗಳ ವಿವರ ಇಲ್ಲಿದೆ.

ಆಟದ ಲೆಕ್ಕಾಚಾರ

ಕ್ರಿಕೆಟ್‌ನಲ್ಲಿ ಬೌಲರ್ ಮಾಡುವ ಕೆಲಸವನ್ನು ಬೇಸ್‌ಬಾಲ್‌ನಲ್ಲಿ ಪಿಚರ್ ಮಾಡುತ್ತಾರೆ. ಆದರೆ ಇಲ್ಲಿ ಚೆಂಡು ನೆಲಕ್ಕೆ ಪುಟಿಯುವುದಿಲ್ಲ, ಓಟದ ಆರಂಭವೂ ಇರುವುದಿಲ್ಲ. 60 ಅಡಿ 6 ಅಂಗುಲ ದೂರದ ದಿಬ್ಬದ ಮೇಲೆ ನಿಂತು ಚೆಂಡನ್ನು ನೇರವಾಗಿ ಎಸೆಯಬೇಕು. ಈ ಅಂತರ 1893ರಿಂದ ಬದಲಾಗಿಲ್ಲ. ಮೂರು ಸ್ಟ್ರೈಕ್ ಆದರೆ ಬ್ಯಾಟರ್ ಔಟ್. ಗುರಿ ತಪ್ಪಿದ ನಾಲ್ಕು ಎಸೆತಗಳಾದರೆ ಬ್ಯಾಟರ್‌ಗೆ ಮೊದಲ ಬೇಸ್ ಪುಕ್ಕಟೆಯಾಗಿ ದೊರೆಯುತ್ತದೆ. ಇದನ್ನು ವಾಕ್ ಎನ್ನುತ್ತಾರೆ.

ಒಂದು ತಂಡಕ್ಕೆ ಪ್ರತಿ ಇನ್ನಿಂಗ್ಸ್‌ಗೆ ಮೂರು ಔಟ್. ಪಂದ್ಯಕ್ಕೆ 9 ಇನ್ನಿಂಗ್ಸ್. ಅಂದರೆ ಎದುರಾಳಿಯ 27 ಔಟ್‌ಗಳನ್ನು ಪಡೆಯಬೇಕು. ಅಂಕ ಸಮವಾಗಿದ್ದರೆ ಫಲಿತಾಂಶ ಬರುವವರೆಗೂ ಹೆಚ್ಚುವರಿ ಇನ್ನಿಂಗ್ಸ್‌ಗಳು ನಡೆಯುತ್ತವೆ. ಎದುರಾಳಿಗೆ ಒಂದೂ ರನ್ ಬಿಟ್ಟುಕೊಡದ ಪಂದ್ಯ ‘ಶಟ್‌ಔಟ್’. ಒಂದೂ ಹಿಟ್ ಬಿಟ್ಟುಕೊಡದಿದ್ದರೆ ‘ನೋ-ಹಿಟ್ಟರ್’. ಹಿಟ್, ವಾಕ್, ಕ್ಷೇತ್ರರಕ್ಷಣೆಯ ತಪ್ಪು ಯಾವುದರಿಂದಲೂ ಯಾರೊಬ್ಬರೂ ಮೊದಲ ಬೇಸ್ ತಲುಪದಂತೆ 27 ಮಂದಿಯನ್ನೂ ಸಾಲಾಗಿ ಔಟ್ ಮಾಡಿದರೆ ಅದು ‘ಪರ್ಫೆಕ್ಟ್ ಗೇಮ್’. ಎರಡು ಲಕ್ಷಕ್ಕೂ ಅಧಿಕ ಪಂದ್ಯಗಳ ಮೇಜರ್ ಲೀಗ್ ಇತಿಹಾಸದಲ್ಲಿ 2023ರ ಋತುವಿನ ಅಂತ್ಯದವರೆಗೆ ಇಂತಹ ಪಂದ್ಯಗಳು 24 ಮಾತ್ರ.

ಜುಲೈ 4: ಇಪ್ಪತ್ತು ಇನ್ನಿಂಗ್ಸ್‌ಗಳ ಸೆಣಸಾಟ

1905ರ ಸ್ವಾತಂತ್ರ್ಯ ದಿನದಂದು ಬಾಸ್ಟನ್‌ನ ಹಂಟಿಂಗ್‌ಟನ್ ಅವೆನ್ಯೂ ಮೈದಾನದಲ್ಲಿ ಫಿಲಡೆಲ್ಫಿಯಾ ಅಥ್ಲೆಟಿಕ್ಸ್ ಮತ್ತು ಬಾಸ್ಟನ್ ತಂಡಗಳು ಎದುರಾದವು. ಬಾಸ್ಟನ್ ಪರ 38 ವರ್ಷದ ಸೈ ಯಂಗ್, ಅಥ್ಲೆಟಿಕ್ಸ್ ಪರ ರೂಬ್ ವ್ಯಾಡೆಲ್ ಪಿಚರ್‌ಗಳು. ಮೊದಲ ಇನ್ನಿಂಗ್ಸ್‌ನಲ್ಲಿ ಎರಡು ರನ್ ಬಿಟ್ಟುಕೊಟ್ಟ ವ್ಯಾಡೆಲ್ ನಂತರದ 19 ಇನ್ನಿಂಗ್ಸ್‌ಗಳಲ್ಲಿ ಒಂದೂ ರನ್ ನೀಡಲಿಲ್ಲ. ಅತ್ತ ಯಂಗ್ 20 ಇನ್ನಿಂಗ್ಸ್‌ಗಳಲ್ಲಿ ಒಬ್ಬರಿಗೂ ವಾಕ್ ನೀಡಲಿಲ್ಲ. ಆದರೂ 4-2ರಿಂದ ಸೋತವರು ಯಂಗ್. ಇಬ್ಬರೂ ಬದಲಿ ಆಟಗಾರರ ನೆರವಿಲ್ಲದೆ ಪೂರ್ತಿ ಪಂದ್ಯವನ್ನು ತಾವೇ ಎಸೆದರು ಎಂಬುದು ಇಂದಿನವರಿಗೆ ನಂಬಲು ಕಷ್ಟವಾಗುವ ಸಂಗತಿ.

ಇವರಿಬ್ಬರ ಪೈಪೋಟಿಗೆ ಹಿನ್ನೆಲೆಯೂ ಇತ್ತು. 1904ರ ಮೇ 5ರಂದು ಯಂಗ್ ಪರ್ಫೆಕ್ಟ್ ಗೇಮ್ ಸಾಧಿಸಿದ್ದು ಇದೇ ಅಥ್ಲೆಟಿಕ್ಸ್ ವಿರುದ್ಧ. ಅಂದು ಔಟಾದ 27ನೇ ಬ್ಯಾಟರ್ ಸ್ವತಃ ವ್ಯಾಡೆಲ್! ಯಂಗ್ ಒಟ್ಟು 511 ಪಂದ್ಯಗಳನ್ನು ಗೆದ್ದರು. ಈ ದಾಖಲೆಯ ಸಮೀಪಕ್ಕೂ ಯಾರೂ ಬಂದಿಲ್ಲ. 417 ಗೆಲುವುಗಳ ವಾಲ್ಟರ್ ಜಾನ್ಸನ್ ಎರಡನೆಯವರು. ಪ್ರತಿ ವರ್ಷದ ಶ್ರೇಷ್ಠ ಪಿಚರ್‌ಗೆ 1956ರಿಂದ ನೀಡಲಾಗುತ್ತಿರುವ ಪ್ರಶಸ್ತಿಗೆ ಸೈ ಯಂಗ್ ಅವರ ಹೆಸರನ್ನೇ ಇಡಲಾಗಿದೆ.

ಒಂದು ಎಸೆತದಿಂದ ತಪ್ಪಿದ ಪರಿಪೂರ್ಣತೆ

ಮೂರು ವರ್ಷಗಳ ನಂತರ, 1908ರ ಜುಲೈ 4ರಂದು, ನ್ಯೂಯಾರ್ಕ್ ಜಯಂಟ್ಸ್‌ನ ಎಡಗೈ ಪಿಚರ್ ಹುಕ್ಸ್ ವಿಲ್ಟ್ಸಿ ಫಿಲಡೆಲ್ಫಿಯಾ ಫಿಲೀಸ್ ವಿರುದ್ಧ ಮೊದಲ 26 ಬ್ಯಾಟರ್‌ಗಳನ್ನು ಸಾಲಾಗಿ ಔಟ್ ಮಾಡಿದರು. ಒಂಬತ್ತನೇ ಇನ್ನಿಂಗ್ಸ್‌ನ ಕೊನೆಯ ಔಟ್ ಮಾತ್ರ ಬಾಕಿ. ಎದುರಿಗೆ ನಿಂತವರು ಫಿಲೀಸ್‌ನ ಪಿಚರ್ ಜಾರ್ಜ್ ಮೆಕ್‌ಕ್ವಿಲನ್. ಸ್ಟ್ರೈಕ್ ಎಂದು ವಿಲ್ಟ್ಸಿ ನಂಬಿದ್ದ ಎಸೆತವನ್ನು ಅಂಪೈರ್ ಸೈ ರಿಗ್ಲರ್ ಸ್ಟ್ರೈಕ್ ಅಲ್ಲ ಎಂದರು. ಮುಂದಿನ ಎಸೆತ ಮೆಕ್‌ಕ್ವಿಲನ್ ಅವರ ಮೈಗೆ ತಾಗಿತು. ಮೈಗೆ ಚೆಂಡು ತಗುಲಿದವರಿಗೆ ಮೊದಲ ಬೇಸ್ ಸಿಗುವುದರಿಂದ ಪರ್ಫೆಕ್ಟ್ ಗೇಮ್ ಅಲ್ಲಿಗೆ ಮುಗಿಯಿತು.

ವಿಲ್ಟ್ಸಿ ಹತ್ತನೇ ಇನ್ನಿಂಗ್ಸ್‌ನಲ್ಲೂ ಹಿಟ್ ನೀಡದೆ ತಂಡವನ್ನು 1-0ಯಿಂದ ಗೆಲ್ಲಿಸಿದರು. ತಮ್ಮ ತೀರ್ಪು ತಪ್ಪಾಗಿತ್ತೆಂದು ರಿಗ್ಲರ್ ನಂತರ ಒಪ್ಪಿಕೊಂಡರು. 27ನೇ ಬ್ಯಾಟರ್‌ಗೆ ಚೆಂಡು ತಗುಲಿಸಿ ಪರ್ಫೆಕ್ಟ್ ಗೇಮ್ ಕಳೆದುಕೊಳ್ಳುವ ದುರ್ದೈವ ಮತ್ತೆ ಎದುರಾದದ್ದು ಒಂದು ಶತಮಾನದ ಬಳಿಕ. 2015ರ ಜೂನ್ 20ರಂದು ವಾಷಿಂಗ್ಟನ್ ನ್ಯಾಷನಲ್ಸ್‌ನ ಮ್ಯಾಕ್ಸ್ ಶರ್ಜರ್, ಪಿಟ್ಸ್‌ಬರ್ಗ್ ಪೈರೇಟ್ಸ್‌ನ ಹೊಸೆ ತಬಾಟಾ ಅವರಿಗೆ ಚೆಂಡು ತಗುಲಿಸಿದರು. ಅವರಿಗೂ ಕೊನೆಗೆ ದಕ್ಕಿದ್ದು ನೋ-ಹಿಟ್ಟರ್ ಮಾತ್ರ.

ವರ್ಣಭೇದದ ಗೋಡೆಯಾಚೆಗಿನ ಸಾಧನೆ

1947ರವರೆಗೆ ಮೇಜರ್ ಲೀಗ್‌ಗಳ ಬಾಗಿಲು ಕಪ್ಪು ವರ್ಣೀಯರಿಗೆ ಮುಚ್ಚಿತ್ತು. ಅವರು ಆಡುತ್ತಿದ್ದದ್ದು ಪ್ರತ್ಯೇಕವಾದ ನೀಗ್ರೋ ಲೀಗ್‌ಗಳಲ್ಲಿ. 1934ರ ಜುಲೈ 4ರಂದು ಪಿಟ್ಸ್‌ಬರ್ಗ್‌ನ ಗ್ರೀನ್‌ಲೀ ಫೀಲ್ಡ್‌ನಲ್ಲಿ ಪಿಟ್ಸ್‌ಬರ್ಗ್ ಕ್ರಾಫರ್ಡ್ಸ್ ಪರ ಆಡಿದ ಸ್ಯಾಚೆಲ್ ಪೇಜ್, ಪ್ರಬಲ ಹೋಮ್‌ಸ್ಟೆಡ್ ಗ್ರೇಸ್ ತಂಡಕ್ಕೆ ಒಂದೂ ಹಿಟ್ ನೀಡದೆ 17 ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿದರು.

ಪೇಜ್ ಅವರಿಗೆ ಮೇಜರ್ ಲೀಗ್ ಪ್ರವೇಶ ದೊರೆತದ್ದು 1948ರಲ್ಲಿ, 42ನೇ ವಯಸ್ಸಿನಲ್ಲಿ. 1965ರ ಸೆಪ್ಟೆಂಬರ್ 25ರಂದು 59 ವರ್ಷದ ಅವರು ಕನ್ಸಾಸ್ ಸಿಟಿ ಅಥ್ಲೆಟಿಕ್ಸ್ ಪರ ಮೂರು ಇನ್ನಿಂಗ್ಸ್ ಎಸೆದು ರನ್ ನೀಡದೆ ಹಿಂತಿರುಗಿದರು. ಮೇಜರ್ ಲೀಗ್‌ನಲ್ಲಿ ಆಡಿದ ಅತಿ ಹಿರಿಯ ಪಿಚರ್ ಎಂಬ ದಾಖಲೆ ಇಂದಿಗೂ ಅವರದೇ. ನೀಗ್ರೋ ಲೀಗ್‌ಗಳನ್ನು ಮೇಜರ್ ಲೀಗ್ ದರ್ಜೆಯವೆಂದು 2020ರಲ್ಲಿ ಮಾನ್ಯ ಮಾಡಲಾಯಿತು. 2024ರಲ್ಲಿ ಅಲ್ಲಿನ ಅಂಕಿಅಂಶಗಳನ್ನು ಅಧಿಕೃತ ದಾಖಲೆಯಲ್ಲಿ ಸೇರಿಸಲಾಯಿತು. ನ್ಯಾಯ ದೊರೆಯುವ ವೇಳೆಗೆ ಆ ಆಟಗಾರರ ಪೈಕಿ ಬಹುತೇಕರು ಬದುಕಿರಲಿಲ್ಲ.

ಲೂ ಗೆರಿಗ್ ವಿದಾಯ

ರಜಾದಿನದ ಬೇಸ್‌ಬಾಲ್ ಎಂದೊಡನೆ ಅಮೆರಿಕನ್ನರಿಗೆ ಮೊದಲು ನೆನಪಾಗುವುದು 1939ರ ಜುಲೈ 4. ನ್ಯೂಯಾರ್ಕ್ ಯಾಂಕೀಸ್‌ನ ಲೂ ಗೆರಿಗ್ ಒಂದು ಪಂದ್ಯವನ್ನೂ ತಪ್ಪಿಸದೆ ಸತತ 2,130 ಪಂದ್ಯಗಳನ್ನು ಆಡಿದ್ದ ಆಟಗಾರ. ಆ ವರ್ಷದ ಆರಂಭದಲ್ಲಿ ಅವರ ದೇಹ ಮಾತು ಕೇಳದಾಯಿತು. ಮೇ 2ರಂದು ತಾವಾಗಿಯೇ ತಂಡದಿಂದ ಹೊರಗುಳಿದರು. ಜೂನ್ 19ರಂದು, ಅವರ 36ನೇ ಜನ್ಮದಿನದಂದೇ, ನರ ಮತ್ತು ಸ್ನಾಯುಗಳನ್ನು ಕ್ರಮೇಣ ನಿಷ್ಕ್ರಿಯಗೊಳಿಸುವ ಎಎಲ್‌ಎಸ್ ಕಾಯಿಲೆ ಇರುವುದು ಖಚಿತವಾಯಿತು. ಅದಕ್ಕೆ ಚಿಕಿತ್ಸೆ ಇರಲಿಲ್ಲ.

ಜುಲೈ 4ರಂದು ವಾಷಿಂಗ್ಟನ್ ಸೆನೆಟರ್ಸ್ ವಿರುದ್ಧದ ಎರಡು ಪಂದ್ಯಗಳ ನಡುವಿನ ಬಿಡುವಿನಲ್ಲಿ ಯಾಂಕೀ ಕ್ರೀಡಾಂಗಣದಲ್ಲಿ 60 ಸಾವಿರಕ್ಕೂ ಹೆಚ್ಚು ಜನರ ಎದುರು ಅವರನ್ನು ಸನ್ಮಾನಿಸಲಾಯಿತು. ಮಾತನಾಡಲು ಮೊದಲು ಹಿಂಜರಿದ ಗೆರಿಗ್, ಬಳಿಕ ಮೈಕ್ ಮುಂದೆ ನಿಂತು ತಮಗೆ ದೊರೆತ ಪ್ರೀತಿಯನ್ನು ನೆನೆದು ತಮ್ಮಷ್ಟು ಭಾಗ್ಯಶಾಲಿ ಮತ್ತೊಬ್ಬರಿಲ್ಲ ಎಂಬ ಅರ್ಥದ ಮಾತುಗಳನ್ನಾಡಿದರು. ಕಾಯಿಲೆಯ ಹೆಸರನ್ನು ಎತ್ತಲಿಲ್ಲ. ಅವರ ಅಂಗಿಯ 4ನೇ ಸಂಖ್ಯೆಯನ್ನು ಮುಂದೆ ಯಾರಿಗೂ ನೀಡದಿರಲು ಯಾಂಕೀಸ್ ನಿರ್ಧರಿಸಿತು. ಮೇಜರ್ ಲೀಗ್‌ನಲ್ಲಿ ಇಂತಹ ಗೌರವ ಪಡೆದ ಮೊದಲಿಗರು ಅವರು. 1941ರ ಜೂನ್ 2ರಂದು ಗೆರಿಗ್ ನಿಧನರಾದರು. ಅವರ ಸತತ ಪಂದ್ಯಗಳ ದಾಖಲೆಯನ್ನು ಕ್ಯಾಲ್ ರಿಪ್ಕೆನ್ ಮುರಿದದ್ದು 1995ರಲ್ಲಿ.

ಅದೇ ದಿನ, ಇನ್ನಷ್ಟು ಮೈಲಿಗಲ್ಲುಗಳು

1980ರ ಜುಲೈ 4ರಂದು ಹ್ಯೂಸ್ಟನ್ ಆಸ್ಟ್ರೋಸ್‌ನ ವೇಗದ ಪಿಚರ್ ನೋಲನ್ ರಯಾನ್ ತಮ್ಮ 3,000ನೇ ಸ್ಟ್ರೈಕ್‌ಔಟ್ ಪಡೆದರು. ಔಟಾದವರು ಸಿನ್ಸಿನಾಟಿಯ ಸೀಸರ್ ಜೆರೊನಿಮೊ. ವಿಚಿತ್ರವೆಂದರೆ 1974ರಲ್ಲಿ ಬಾಬ್ ಗಿಬ್ಸನ್ ಅವರ 3,000ನೇ ಬಲಿಯಾದವರೂ ಇದೇ ಜೆರೊನಿಮೊ! ರಯಾನ್ 5,714 ಸ್ಟ್ರೈಕ್‌ಔಟ್‌ಗಳು ಹಾಗೂ ಏಳು ನೋ-ಹಿಟ್ಟರ್‌ಗಳೊಂದಿಗೆ ನಿವೃತ್ತರಾದರು. ಇವೆರಡೂ ಸಾರ್ವಕಾಲಿಕ ದಾಖಲೆಗಳು.

ಸರಿಯಾಗಿ ನಾಲ್ಕು ವರ್ಷಗಳ ನಂತರ, 1984ರ ಜುಲೈ 4ರಂದು, ಯಾಂಕೀಸ್‌ನ ಫಿಲ್ ನೀಕ್ರೊ ಸಹ 3,000ನೇ ಸ್ಟ್ರೈಕ್‌ಔಟ್ ಪೂರೈಸಿದರು. ರಯಾನ್ ವೇಗಕ್ಕೆ ಹೆಸರಾಗಿದ್ದರೆ, 45 ವರ್ಷದ ನೀಕ್ರೊ ಅವರ ಅಸ್ತ್ರ ನಿಧಾನವಾಗಿ ತೂರಾಡುತ್ತಾ ಸಾಗುವ ‘ನಕಲ್‌ಬಾಲ್’. ಎರಡು ತದ್ವಿರುದ್ಧ ಶೈಲಿಗಳು ಒಂದೇ ತಾರೀಖಿನಂದು ಒಂದೇ ಮೈಲಿಗಲ್ಲನ್ನು ಮುಟ್ಟಿದವು.

ಇವೆರಡರ ನಡುವೆ, 1983ರ ಜುಲೈ 4ರಂದು ಯಾಂಕೀಸ್‌ನ ಡೇವ್ ರಿಗೆಟಿ ಸಾಂಪ್ರದಾಯಿಕ ಎದುರಾಳಿ ಬಾಸ್ಟನ್ ರೆಡ್ ಸಾಕ್ಸ್ ವಿರುದ್ಧ 4-0ಯ ನೋ-ಹಿಟ್ಟರ್ ಸಾಧಿಸಿದರು. ಕೊನೆಯ ಔಟ್‌ಗೆ ಎದುರಾದವರು ಆ ಋತುವಿನಲ್ಲಿ ಲೀಗ್‌ನ ಅತ್ಯುತ್ತಮ ಬ್ಯಾಟಿಂಗ್ ಸರಾಸರಿ ಗಳಿಸಿದ ವೇಡ್ ಬಾಗ್ಸ್. ಸುಲಭವಾಗಿ ಸ್ಟ್ರೈಕ್‌ಔಟ್ ಆಗದ ಬಾಗ್ಸ್ ಅಂದು ಬ್ಯಾಟ್ ಬೀಸಿ ತಪ್ಪಿದರು. ಯಾಂಕೀಸ್ ಮಾಲೀಕ ಜಾರ್ಜ್ ಸ್ಟೈನ್‌ಬ್ರೆನರ್ ಅವರ ಜನ್ಮದಿನವೂ ಅಂದೇ ಆಗಿತ್ತು.

ಅಮೆರಿಕ ಸ್ವಾತಂತ್ರ್ಯದ ದ್ವಿಶತಮಾನೋತ್ಸವದ ದಿನವಾದ 1976ರ ಜುಲೈ 4ರಂದು ಫಿಲೀಸ್‌ನ ಟಿಮ್ ಮೆಕಾರ್ವರ್ ಮೂರೂ ಬೇಸ್‌ಗಳಲ್ಲಿ ಆಟಗಾರರಿದ್ದಾಗ ಚೆಂಡನ್ನು ಬೇಲಿಯಾಚೆ ಬಾರಿಸಿದರು. ಸಂಭ್ರಮದಲ್ಲಿ ಓಡುತ್ತಾ ಮುಂದಿದ್ದ ಸಹ ಆಟಗಾರ ಗ್ಯಾರಿ ಮ್ಯಾಡಕ್ಸ್ ಅವರನ್ನೇ ದಾಟಿಬಿಟ್ಟರು. ನಿಯಮದಂತೆ ಮೆಕಾರ್ವರ್ ಔಟ್. ನಾಲ್ಕು ರನ್ ಬರಬೇಕಾದ ಹೊಡೆತಕ್ಕೆ ಸಿಕ್ಕಿದ್ದು ಮೂರೇ ರನ್.

ಬೆಳಗಿನ ಜಾವದ ಪಟಾಕಿ

1985ರ ಜುಲೈ 4ರಂದು ಅಟ್ಲಾಂಟಾದಲ್ಲಿ ಬ್ರೇವ್ಸ್ ಮತ್ತು ನ್ಯೂಯಾರ್ಕ್ ಮೆಟ್ಸ್ ನಡುವೆ ನಡೆದ ಪಂದ್ಯ ರಜಾದಿನದ ಪಂದ್ಯಗಳಲ್ಲೇ ಅತ್ಯಂತ ವಿಲಕ್ಷಣವಾದದ್ದು. ಮಳೆಯ ಕಾರಣ ರಾತ್ರಿ 9 ಗಂಟೆಯ ನಂತರ ಆರಂಭವಾದ ಆಟ ಮಧ್ಯದಲ್ಲಿ ಮತ್ತೆ ಮಳೆಯಿಂದ ನಿಂತಿತು. ಪಂದ್ಯದ ಬಳಿಕ ಪಟಾಕಿ ಪ್ರದರ್ಶನವಿದೆ ಎಂಬ ಆಸೆಯಿಂದ ಸಾವಿರಾರು ಜನ ಕದಲದೆ ಕುಳಿತಿದ್ದರು.

18ನೇ ಇನ್ನಿಂಗ್ಸ್‌ನಲ್ಲಿ ಮೆಟ್ಸ್ 11-10ರ ಮುನ್ನಡೆ ಪಡೆಯಿತು. ಬ್ರೇವ್ಸ್‌ನ ಇಬ್ಬರು ಔಟಾದರು. ಬ್ಯಾಟ್ ಹಿಡಿಯಬಲ್ಲ ಬದಲಿ ಆಟಗಾರರೆಲ್ಲ ಮುಗಿದಿದ್ದರಿಂದ ಪಿಚರ್ ರಿಕ್ ಕ್ಯಾಂಪ್ ಅವರೇ ಬ್ಯಾಟಿಂಗ್‌ಗೆ ಬರಬೇಕಾಯಿತು. ಬ್ಯಾಟಿಂಗ್‌ನಲ್ಲಿ ಅತಿ ದುರ್ಬಲರೆಂದು ಹೆಸರಾಗಿದ್ದ ಕ್ಯಾಂಪ್ ಎರಡು ಸ್ಟ್ರೈಕ್‌ಗಳ ನಂತರ ಟಾಮ್ ಗಾರ್ಮನ್ ಅವರ ಎಸೆತವನ್ನು ಎಡಭಾಗದ ಬೇಲಿಯಾಚೆ ಕಳುಹಿಸಿದರು. ಅಂಕ ಸಮವಾಯಿತು. ಅವರ ವೃತ್ತಿಜೀವನದ ಏಕೈಕ ಹೋಮ್ ರನ್ ಅದು.

ಆದರೆ 19ನೇ ಇನ್ನಿಂಗ್ಸ್‌ನಲ್ಲಿ ಇದೇ ಕ್ಯಾಂಪ್ ಅವರ ಎಸೆತಗಳಿಗೆ ಮೆಟ್ಸ್ ಐದು ರನ್ ಗಳಿಸಿತು. ಬ್ರೇವ್ಸ್ ಎರಡು ರನ್ ಹಿಂತಿರುಗಿಸಿದ ಮೇಲೆ ಕೊನೆಯ ಬ್ಯಾಟರ್ ಆಗಿ ಮತ್ತೆ ಕ್ಯಾಂಪ್ ಅವರೇ ಬಂದರು. ಈ ಬಾರಿ ಸ್ಟ್ರೈಕ್‌ಔಟ್. 16-13ರ ಜಯದೊಂದಿಗೆ ಪಂದ್ಯ ಮುಗಿದಾಗ ಬೆಳಗಿನ ಜಾವ 3 ಗಂಟೆ 55 ನಿಮಿಷ. ಮಾತು ಕೊಟ್ಟಂತೆ 4 ಗಂಟೆಗೆ ಪಟಾಕಿ ಹಚ್ಚಲಾಯಿತು. ನಿದ್ದೆಯಲ್ಲಿದ್ದ ಸುತ್ತಲಿನ ನಿವಾಸಿಗಳು ನಗರದ ಮೇಲೆ ದಾಳಿಯಾಗಿದೆ ಎಂದು ಬೆದರಿ ಪೊಲೀಸರಿಗೆ ಕರೆ ಮಾಡಿದರು.

ತಾಯಂದಿರ ದಿನ: ಒಂದು ಪೆಟ್ಟು, ಒಂದು ಕಾಣಿಕೆ

ಮೇ ತಿಂಗಳ ಎರಡನೇ ಭಾನುವಾರ ತಾಯಂದಿರ ದಿನ. 1939ರ ಮೇ 14ರಂದು ಕ್ಲೀವ್‌ಲ್ಯಾಂಡ್‌ನ 20 ವರ್ಷದ ಬಾಬ್ ಫೆಲ್ಲರ್ ತಮ್ಮ ಆಟ ನೋಡಲು ಐಯೊವಾ ರಾಜ್ಯದಿಂದ ತಾಯಿಯನ್ನು ಷಿಕಾಗೊದ ಕಾಮಿಸ್ಕಿ ಪಾರ್ಕ್‌ಗೆ ಕರೆಸಿಕೊಂಡಿದ್ದರು. ಮೂರನೇ ಇನ್ನಿಂಗ್ಸ್‌ನಲ್ಲಿ ಫೆಲ್ಲರ್ ಎಸೆತಕ್ಕೆ ಮಾರ್ವ್ ಓವನ್ ಬಾರಿಸಿದ ಚೆಂಡು ಅಡ್ಡಹಾಯ್ದು ಪ್ರೇಕ್ಷಕರ ನಡುವೆ ಬಿತ್ತು. ಬಿದ್ದದ್ದು ಫೆಲ್ಲರ್ ತಾಯಿಯ ಮುಖಕ್ಕೆ. ಕನ್ನಡಕ ಒಡೆದು ಗಾಯವಾಗಿ ಆಸ್ಪತ್ರೆಗೆ ಒಯ್ಯಬೇಕಾಯಿತು. ಆತಂಕದ ನಡುವೆಯೂ ಫೆಲ್ಲರ್ ಆಟ ಮುಂದುವರಿಸಿ ಪಂದ್ಯ ಗೆದ್ದರು.

2010ರ ಮೇ 9ರ ತಾಯಂದಿರ ದಿನ ಆಕ್ಲೆಂಡ್ ಅಥ್ಲೆಟಿಕ್ಸ್‌ನ ಡಲ್ಲಾಸ್ ಬ್ರೇಡನ್ ಅವರಿಗೆ ಸೇರಿದ್ದು. ಶಾಲಾ ವಿದ್ಯಾರ್ಥಿಯಾಗಿದ್ದಾಗಲೇ ಚರ್ಮದ ಕ್ಯಾನ್ಸರ್‌ನಿಂದ ತಾಯಿಯನ್ನು ಕಳೆದುಕೊಂಡಿದ್ದ ಅವರನ್ನು ಸಾಕಿದವರು ಅಜ್ಜಿ. ಬ್ರೇಡನ್ ಅವರಿಗೆ ಈ ದಿನ ಎಂದೂ ಹಿತವಾಗಿರಲಿಲ್ಲ. ಅಂದು ಟ್ಯಾಂಪಾ ಬೇ ರೇಸ್ ವಿರುದ್ಧ ಅವರು 27 ಮಂದಿಯನ್ನೂ ಸಾಲಾಗಿ ಔಟ್ ಮಾಡಿ 4-0ಯಿಂದ ಗೆದ್ದರು. ಪಂದ್ಯ ಮುಗಿದೊಡನೆ ಮೈದಾನಕ್ಕಿಳಿದ ಅಜ್ಜಿಯನ್ನು ಅಪ್ಪಿಕೊಂಡ ದೃಶ್ಯ ದೇಶದಾದ್ಯಂತ ಪ್ರಸಾರವಾಯಿತು. ಭುಜದ ನೋವಿನಿಂದಾಗಿ ಬ್ರೇಡನ್ ಹೆಚ್ಚು ಕಾಲ ಆಡಲಿಲ್ಲ. ವೃತ್ತಿಜೀವನದಲ್ಲಿ ಅವರ ಗೆಲುವು 26, ಸೋಲು 36. ಪರ್ಫೆಕ್ಟ್ ಗೇಮ್ ಸಾಧಿಸಲು ಮಹಾನ್ ಆಟಗಾರನೇ ಆಗಿರಬೇಕಿಲ್ಲ ಎಂಬುದಕ್ಕೆ ಇದು ನಿದರ್ಶನ.

ತಂದೆಯರ ದಿನ: ಏಳು ಮಕ್ಕಳ ತಂದೆ

1964ರ ಜೂನ್ 21, ಜೂನ್ ಮೂರನೇ ಭಾನುವಾರ. ನ್ಯೂಯಾರ್ಕ್‌ನ ಶೇ ಕ್ರೀಡಾಂಗಣದಲ್ಲಿ ಫಿಲೀಸ್‌ನ ಜಿಮ್ ಬನಿಂಗ್ ಮೆಟ್ಸ್ ವಿರುದ್ಧ ಪರ್ಫೆಕ್ಟ್ ಗೇಮ್ ಸಾಧಿಸಿದರು. ಆಗ ಅವರು ಏಳು ಮಕ್ಕಳ ತಂದೆ. ನ್ಯಾಷನಲ್ ಲೀಗ್‌ನಲ್ಲಿ 1880ರ ಬಳಿಕ ಇಂತಹ ಸಾಧನೆ ಅದೇ ಮೊದಲು. ನೋ-ಹಿಟ್ಟರ್ ಸಾಗುತ್ತಿರುವಾಗ ಅದರ ಬಗ್ಗೆ ತುಟಿ ಬಿಚ್ಚಬಾರದು, ಬಿಚ್ಚಿದರೆ ಕೈತಪ್ಪುತ್ತದೆ ಎಂಬುದು ಬೇಸ್‌ಬಾಲ್ ಆಟಗಾರರ ಹಳೆಯ ನಂಬಿಕೆ. ಬನಿಂಗ್ ಇದನ್ನು ಲೆಕ್ಕಿಸದೆ ಸಹ ಆಟಗಾರರೊಂದಿಗೆ ಅದನ್ನೇ ಮಾತನಾಡುತ್ತಿದ್ದರು. ನಿವೃತ್ತಿಯ ನಂತರ ರಾಜಕೀಯ ಪ್ರವೇಶಿಸಿದ ಅವರು 1999ರಿಂದ 2011ರವರೆಗೆ ಕೆಂಟಕಿ ರಾಜ್ಯದ ಸೆನೆಟರ್ ಆಗಿದ್ದರು.

ಅದೇ ದಿನದ ಎರಡನೇ ಪಂದ್ಯದಲ್ಲಿ ಫಿಲೀಸ್‌ನ 18 ವರ್ಷದ ರಿಕ್ ವೈಸ್ ಮೇಜರ್ ಲೀಗ್‌ನ ತಮ್ಮ ಮೊದಲ ಗೆಲುವು ಪಡೆದರು. ಬನಿಂಗ್ ಸಾಧನೆಯ ಅಬ್ಬರದಲ್ಲಿ ಅದು ಯಾರ ಗಮನಕ್ಕೂ ಬರಲಿಲ್ಲ. 1971ರ ಜೂನ್ 23ರಂದು ವೈಸ್ ತಾವೂ ನೋ-ಹಿಟ್ಟರ್ ಎಸೆದರು. ಜೊತೆಗೆ ಅದೇ ಪಂದ್ಯದಲ್ಲಿ ಬ್ಯಾಟ್ ಹಿಡಿದು ಎರಡು ಹೋಮ್ ರನ್ ಬಾರಿಸಿ ಅಪೂರ್ವ ದಾಖಲೆ ಸ್ಥಾಪಿಸಿದರು.

ಯೋಧರ ಸ್ಮರಣಾ ದಿನದ ಆಸುಪಾಸು

1964ರ ಮೇ 31ರ ಭಾನುವಾರ, ಸ್ಮರಣಾ ದಿನದ ಮರುದಿನ, ಶೇ ಕ್ರೀಡಾಂಗಣದಲ್ಲಿ ಮೆಟ್ಸ್ ಮತ್ತು ಸ್ಯಾನ್‌ಫ್ರಾನ್ಸಿಸ್ಕೊ ಜಯಂಟ್ಸ್ ನಡುವಿನ ಎರಡನೇ ಪಂದ್ಯ 23 ಇನ್ನಿಂಗ್ಸ್‌ಗಳವರೆಗೆ, 7 ಗಂಟೆ 23 ನಿಮಿಷ ನಡೆಯಿತು. 8-6ರಿಂದ ಗೆದ್ದ ಜಯಂಟ್ಸ್ ಪರ ಬದಲಿ ಪಿಚರ್ ಗೇಲಾರ್ಡ್ ಪೆರಿ 10 ಇನ್ನಿಂಗ್ಸ್‌ಗಳಲ್ಲಿ ರನ್ ನೀಡಲಿಲ್ಲ. ಚೆಂಡಿಗೆ ಎಂಜಲು ಸವರಿ ಎಸೆಯುವುದನ್ನು 1920ರಲ್ಲೇ ನಿಷೇಧಿಸಲಾಗಿತ್ತು. ಆದರೆ ಆ ರಾತ್ರಿ ತಾವು ಅದನ್ನೇ ಬಳಸಿದ್ದಾಗಿ ಪೆರಿ 1974ರ ಆತ್ಮಕಥನದಲ್ಲಿ ಬರೆದುಕೊಂಡರು. 314 ಪಂದ್ಯಗಳನ್ನು ಗೆದ್ದ ಅವರನ್ನು ಈ ಆರೋಪದ ಮೇಲೆ ಅಂಪೈರ್ ಹೊರಹಾಕಿದ್ದು ಒಮ್ಮೆ ಮಾತ್ರ, 1982ರಲ್ಲಿ.

2010ರ ಮೇ 29ರಂದು, ಸ್ಮರಣಾ ದಿನದ ವಾರಾಂತ್ಯದಲ್ಲಿ, ಫಿಲೀಸ್‌ನ ರಾಯ್ ಹ್ಯಾಲಡೆ ಫ್ಲಾರಿಡಾ ಮಾರ್ಲಿನ್ಸ್ ವಿರುದ್ಧ ಪರ್ಫೆಕ್ಟ್ ಗೇಮ್ ಎಸೆದರು. ಬ್ರೇಡನ್ ಸಾಧನೆಯ ನಂತರ ಕೇವಲ 20 ದಿನಗಳಲ್ಲಿ ಇದು ಎರಡನೆಯದು. ನಾಲ್ಕು ದಿನಗಳಲ್ಲಿ ಮೂರನೆಯದೂ ಆಗಬೇಕಿತ್ತು. ಜೂನ್ 2ರಂದು ಡೆಟ್ರಾಯಿಟ್‌ನ ಆರ್ಮಾಂಡೊ ಗಲರಾಗ 26 ಮಂದಿಯನ್ನು ಔಟ್ ಮಾಡಿದ್ದರು. 27ನೇ ಬ್ಯಾಟರ್ ಮೊದಲ ಬೇಸ್ ತಲುಪುವ ಮೊದಲೇ ಚೆಂಡು ಬಂದಿತ್ತು. ಆದರೆ ಅಂಪೈರ್ ಜಿಮ್ ಜಾಯ್ಸ್ ಔಟ್ ಅಲ್ಲ ಎಂದರು. ಪಂದ್ಯದ ನಂತರ ಚಿತ್ರೀಕರಣ ನೋಡಿದ ಜಾಯ್ಸ್ ಕಣ್ಣೀರಿಟ್ಟು ಕ್ಷಮೆ ಕೇಳಿದರು. ಗಲರಾಗ ಅವರನ್ನು ದೂಷಿಸಲಿಲ್ಲ. ಮರುದಿನ ತಂಡದ ಪಟ್ಟಿಯನ್ನು ಮೈದಾನಕ್ಕೆ ತಂದು ಜಾಯ್ಸ್ ಅವರ ಕೈಗೆ ನೀಡಿದರು. ತೀರ್ಪು ಮಾತ್ರ ಬದಲಾಗಲಿಲ್ಲ. ಇಂತಹ ತೀರ್ಪುಗಳನ್ನು ವೀಡಿಯೊ ಮೂಲಕ ಮರುಪರಿಶೀಲಿಸುವ ವ್ಯವಸ್ಥೆ 2014ರಲ್ಲಿ ಜಾರಿಗೆ ಬಂದಿತು.

ಕಾರ್ಮಿಕ ದಿನ: ನಾಲ್ಕು ದಿನ, ಮೂರು ಶಟ್‌ಔಟ್

1908ರ ಸೆಪ್ಟೆಂಬರ್‌ನಲ್ಲಿ ವಾಷಿಂಗ್ಟನ್‌ನ 20 ವರ್ಷದ ವಾಲ್ಟರ್ ಜಾನ್ಸನ್ ನ್ಯೂಯಾರ್ಕ್ ಹೈಲ್ಯಾಂಡರ್ಸ್ ತಂಡವನ್ನು ಶುಕ್ರವಾರ 3-0, ಶನಿವಾರ 6-0ಯಿಂದ ಸೋಲಿಸಿದರು. ಭಾನುವಾರ ನ್ಯೂಯಾರ್ಕ್‌ನಲ್ಲಿ ಪಂದ್ಯ ನಡೆಸಲು ಕಾನೂನು ಅವಕಾಶ ನೀಡುತ್ತಿರಲಿಲ್ಲ. ಸೋಮವಾರ, ಸೆಪ್ಟೆಂಬರ್ 7ರ ಕಾರ್ಮಿಕ ದಿನದಂದು ಮತ್ತೆ ಅವರೇ ಬಂದು 4-0ಯಿಂದ ಗೆದ್ದರು. ನಾಲ್ಕು ದಿನಗಳಲ್ಲಿ ಒಂದೇ ತಂಡದ ವಿರುದ್ಧ ಮೂರು ಶಟ್‌ಔಟ್. ಮುಂದೆ ಅವರು ಒಟ್ಟು 110 ಶಟ್‌ಔಟ್‌ಗಳ ಸಾರ್ವಕಾಲಿಕ ದಾಖಲೆ ಸ್ಥಾಪಿಸಿದರು.

1993ರ ಸೆಪ್ಟೆಂಬರ್ 4ರಂದು, ಕಾರ್ಮಿಕ ದಿನದ ವಾರಾಂತ್ಯದಲ್ಲಿ, ಯಾಂಕೀಸ್‌ನ ಜಿಮ್ ಆ್ಯಬಟ್ ಕ್ಲೀವ್‌ಲ್ಯಾಂಡ್ ವಿರುದ್ಧ 4-0ಯ ನೋ-ಹಿಟ್ಟರ್ ಸಾಧಿಸಿದರು. ಆ್ಯಬಟ್ ಅವರಿಗೆ ಹುಟ್ಟಿನಿಂದಲೇ ಬಲಗೈಯ ಹಸ್ತವಿಲ್ಲ. ಎಡಗೈಯಿಂದ ಚೆಂಡೆಸೆದು, ಬಲತೋಳಿನ ತುದಿಯಲ್ಲಿ ನೇತುಹಾಕಿಕೊಂಡ ಗವಸನ್ನು ಕ್ಷಣಾರ್ಧದಲ್ಲಿ ಎಡಗೈಗೆ ಏರಿಸಿಕೊಂಡು ಚೆಂಡು ಹಿಡಿಯಲು ಸಿದ್ಧರಾಗುತ್ತಿದ್ದರು. ಕೊನೆಯ ಇನ್ನಿಂಗ್ಸ್‌ನಲ್ಲಿ ಎದುರಾಳಿಯ ಕೆನಿ ಲಾಫ್ಟನ್ ಚೆಂಡನ್ನು ಮೆಲ್ಲಗೆ ತಟ್ಟಿ ಓಡಲು ಯತ್ನಿಸಿದಾಗ ಪ್ರೇಕ್ಷಕರು ಕೂಗಿ ಪ್ರತಿಭಟಿಸಿದರು.

ಆಡದೆ ಉಳಿದ ದಿನ

ಒಂದು ರಜಾದಿನ ಸ್ಮರಣೀಯವಾದದ್ದು ಆಟಗಾರ ಮೈದಾನಕ್ಕೆ ಇಳಿಯದಿದ್ದಕ್ಕೆ. 1965ರ ವಿಶ್ವ ಸರಣಿಯ ಮೊದಲ ಪಂದ್ಯ ಅಕ್ಟೋಬರ್ 6ರಂದು ಬಂದಿತು. ಅಂದು ಯೆಹೂದಿಗಳ ಉಪವಾಸ, ಪ್ರಾಯಶ್ಚಿತ್ತದ ಪವಿತ್ರ ದಿನ ಯೋಮ್ ಕಿಪ್ಪುರ್. ಲಾಸ್ ಏಂಜಲಿಸ್ ಡಾಡ್ಜರ್ಸ್‌ನ ಶ್ರೇಷ್ಠ ಪಿಚರ್ ಸ್ಯಾಂಡಿ ಕೂಫ್ಯಾಕ್ಸ್ ಅಂದು ಆಡಲು ಒಪ್ಪಲಿಲ್ಲ. ಅವರ ಬದಲು ಎಸೆದ ಡಾನ್ ಡ್ರೈಸ್‌ಡೇಲ್ ಮೂರನೇ ಇನ್ನಿಂಗ್ಸ್ ಮುಗಿಸುವ ಮೊದಲೇ 7 ರನ್ ನೀಡಿದರು. ಡಾಡ್ಜರ್ಸ್ 8-2ರಿಂದ ಸೋತಿತು. ಎರಡನೇ ಪಂದ್ಯವನ್ನು ಕೂಫ್ಯಾಕ್ಸ್ ಸಹ ಸೋತರು. ಆದರೆ ಐದನೇ ಪಂದ್ಯದಲ್ಲಿ 7-0, ಕೇವಲ ಎರಡು ದಿನಗಳ ವಿಶ್ರಾಂತಿಯ ನಂತರ ನಿರ್ಣಾಯಕ ಏಳನೇ ಪಂದ್ಯದಲ್ಲಿ 2-0ಯಿಂದ ಮಿನೆಸೋಟ ಟ್ವಿನ್ಸ್ ತಂಡವನ್ನು ಮಣಿಸಿ ಪ್ರಶಸ್ತಿ ತಂದರು.

ದೇಶಭಕ್ತರ ದಿನ, ಬಾಸ್ಟನ್, 2013

1775ರ ಏಪ್ರಿಲ್ 19ರಂದು ನಡೆದ ಸ್ವಾತಂತ್ರ್ಯ ಸಮರದ ಮೊದಲ ಕಾಳಗಗಳ ನೆನಪಿಗೆ ಮ್ಯಾಸಚೂಸೆಟ್ಸ್‌ನಲ್ಲಿ ಏಪ್ರಿಲ್ ಮೂರನೇ ಸೋಮವಾರ ರಜೆ. ಅಂದು ಬಾಸ್ಟನ್ ಮ್ಯಾರಥಾನ್ ನಡೆಯುತ್ತದೆ. ಫೆನ್‌ವೇ ಪಾರ್ಕ್‌ನಲ್ಲಿ ರೆಡ್ ಸಾಕ್ಸ್ ಪಂದ್ಯ ಬೆಳಿಗ್ಗೆ 11ರ ಸುಮಾರಿಗೆ ಶುರುವಾಗುತ್ತದೆ. ಪಂದ್ಯ ಮುಗಿಸಿ ಹೊರಬರುವ ಜನ ಓಟಗಾರರನ್ನು ಹುರಿದುಂಬಿಸಲು ರಸ್ತೆಗೆ ಸೇರುವುದು ಅಲ್ಲಿನ ರೂಢಿ.

2013ರ ಏಪ್ರಿಲ್ 15ರಂದು ರೆಡ್ ಸಾಕ್ಸ್ ಕೊನೆಯ ಇನ್ನಿಂಗ್ಸ್‌ನಲ್ಲಿ ಟ್ಯಾಂಪಾ ಬೇ ತಂಡವನ್ನು 3-2ರಿಂದ ಸೋಲಿಸಿತು. ಒಂದು ಗಂಟೆಯೊಳಗೆ ಮ್ಯಾರಥಾನ್ ಅಂತಿಮ ಗೆರೆಯ ಬಳಿ ಎರಡು ಬಾಂಬ್‌ಗಳು ಸಿಡಿದು ಮೂವರು ಮೃತಪಟ್ಟರು. ನೂರಾರು ಮಂದಿ ಗಾಯಗೊಂಡರು. ಏಪ್ರಿಲ್ 20ರಂದು ಫೆನ್‌ವೇಯಲ್ಲಿ ಆಟ ಪುನರಾರಂಭವಾದಾಗ ಗಾಯಾಳುಗಳನ್ನೂ ರಕ್ಷಣಾ ಸಿಬ್ಬಂದಿಯನ್ನೂ ಗೌರವಿಸಲಾಯಿತು. ಆ ವರ್ಷದ ಅಕ್ಟೋಬರ್‌ನಲ್ಲಿ ರೆಡ್ ಸಾಕ್ಸ್ ವಿಶ್ವ ಸರಣಿ ಗೆದ್ದಿತು. ತವರಿನ ಅಂಗಳದಲ್ಲೇ ಪ್ರಶಸ್ತಿ ಖಚಿತಪಡಿಸಿಕೊಂಡದ್ದು 1918ರ ಬಳಿಕ ಅದೇ ಮೊದಲು.

ಪಿಚರ್‌ಗಳ ಇತರ ವಿಚಿತ್ರ ದಾಖಲೆಗಳು

* 1917ರ ಜೂನ್ 23: ಬಾಸ್ಟನ್‌ನ ಬೇಬ್ ರೂತ್ ಮೊದಲ ಬ್ಯಾಟರ್‌ಗೆ ವಾಕ್ ನೀಡಿ, ಅಂಪೈರ್ ಜೊತೆ ಜಗಳವಾಡಿ ಅವರಿಗೆ ಹೊಡೆದು ಹೊರದಬ್ಬಿಸಿಕೊಂಡರು. ಬದಲಿಗೆ ಬಂದ ಎರ್ನಿ ಶೋರ್ ಎಸೆಯುತ್ತಿದ್ದಾಗ ಬೇಸ್‌ನಲ್ಲಿದ್ದ ಆಟಗಾರ ಔಟಾದರು. ಉಳಿದ 26 ಮಂದಿಯನ್ನೂ ಶೋರ್ ಸಾಲಾಗಿ ಔಟ್ ಮಾಡಿದರು.

* 1920ರ ಮೇ 1: ಬ್ರೂಕ್ಲಿನ್‌ನ ಲಿಯಾನ್ ಕ್ಯಾಡೋರ್, ಬಾಸ್ಟನ್‌ನ ಜೋ ಓಶ್ಗರ್ ತಲಾ 26 ಇನ್ನಿಂಗ್ಸ್ ಎಸೆದರು. ಕತ್ತಲಾದ್ದರಿಂದ ಪಂದ್ಯ 1-1ರ ಸಮಬಲದಲ್ಲಿ ನಿಂತಿತು.

* 1938ರ ಜೂನ್ 11 ಮತ್ತು 15: ಸಿನ್ಸಿನಾಟಿಯ ಜಾನಿ ವ್ಯಾಂಡರ್ ಮೀರ್ ಸತತ ಎರಡು ಪಂದ್ಯಗಳಲ್ಲಿ ನೋ-ಹಿಟ್ಟರ್ ಸಾಧಿಸಿದರು. ಇದನ್ನು ಮುರಿಯಲು ಸತತ ಮೂರು ಬೇಕು.

* 1940ರ ಏಪ್ರಿಲ್ 16: ಬಾಬ್ ಫೆಲ್ಲರ್ ಋತುವಿನ ಮೊದಲ ದಿನವೇ ಷಿಕಾಗೊ ವೈಟ್ ಸಾಕ್ಸ್ ವಿರುದ್ಧ ನೋ-ಹಿಟ್ಟರ್ ಎಸೆದರು. ಪಂದ್ಯದ ಮೊದಲು ಎದುರಾಳಿ ಬ್ಯಾಟರ್‌ಗಳ ಸರಾಸರಿ ಸೊನ್ನೆ. ಪಂದ್ಯದ ನಂತರವೂ ಸೊನ್ನೆ!

* 1959ರ ಮೇ 26: ಪಿಟ್ಸ್‌ಬರ್ಗ್‌ನ ಹಾರ್ವೆ ಹ್ಯಾಡಿಕ್ಸ್ 12 ಇನ್ನಿಂಗ್ಸ್‌ಗಳಲ್ಲಿ 36 ಮಂದಿಯನ್ನು ಸಾಲಾಗಿ ಔಟ್ ಮಾಡಿ 13ನೇ ಇನ್ನಿಂಗ್ಸ್‌ನಲ್ಲಿ ಮಿಲ್ವಾಕಿಗೆ 1-0ಯಿಂದ ಸೋತರು.

* 1964ರ ಏಪ್ರಿಲ್ 23: ಹ್ಯೂಸ್ಟನ್‌ನ ಕೆನ್ ಜಾನ್ಸನ್ 9 ಇನ್ನಿಂಗ್ಸ್‌ಗಳಲ್ಲಿ ಒಂದೂ ಹಿಟ್ ನೀಡದೆ, ಕ್ಷೇತ್ರರಕ್ಷಣೆಯ ತಪ್ಪುಗಳಿಂದಾಗಿ ಸಿನ್ಸಿನಾಟಿಗೆ 1-0ಯಿಂದ ಸೋತರು.

* 1990ರ ಜುಲೈ 1: ಯಾಂಕೀಸ್‌ನ ಆ್ಯಂಡಿ ಹಾಕಿನ್ಸ್ ಒಂದೂ ಹಿಟ್ ನೀಡದೆ ಷಿಕಾಗೊ ವೈಟ್ ಸಾಕ್ಸ್‌ಗೆ 4-0ಯಿಂದ ಸೋತರು.

1991ರಲ್ಲಿ ದಾಖಲೆಗಳ ಪರಿಶೀಲನಾ ಸಮಿತಿ ನೋ-ಹಿಟ್ಟರ್‌ಗೆ ಹೊಸ ವ್ಯಾಖ್ಯೆ ನೀಡಿತು. ಕನಿಷ್ಠ 9 ಇನ್ನಿಂಗ್ಸ್ ಎಸೆದು, ಪಂದ್ಯ ಮುಗಿಯುವವರೆಗೂ ಹಿಟ್ ನೀಡಿರಬಾರದು ಎಂಬುದು ಅದರ ತಿರುಳು. ಹೀಗಾಗಿ 13ನೇ ಇನ್ನಿಂಗ್ಸ್‌ನಲ್ಲಿ ಹಿಟ್ ನೀಡಿದ ಹ್ಯಾಡಿಕ್ಸ್, ಎಂಟೇ ಇನ್ನಿಂಗ್ಸ್ ಎಸೆದ ಹಾಕಿನ್ಸ್ ಪಟ್ಟಿಯಿಂದ ಹೊರಬಿದ್ದರು. ಪರ್ಫೆಕ್ಟ್ ಗೇಮ್ ಎಂದು ಎಣಿಸಲಾಗುತ್ತಿದ್ದ ಶೋರ್ ಸಾಧನೆ ರೂತ್ ಜೊತೆಗಿನ ಜಂಟಿ ನೋ-ಹಿಟ್ಟರ್ ಆಯಿತು.

ಭಾರತದ ನಂಟು

ಜುಲೈ 4ರ ಇತಿಹಾಸದಲ್ಲಿ ಭಾರತೀಯರಿಗೂ ಒಂದು ಸಾಲು ಇದೆ. ಭಾರತದಲ್ಲಿ ನಡೆದ ಪ್ರತಿಭಾ ಶೋಧ ಸ್ಪರ್ಧೆಯಲ್ಲಿ ಆಯ್ಕೆಯಾದ ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಅವರೊಂದಿಗೆ 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಒಪ್ಪಂದ ಮಾಡಿಕೊಂಡಿತು. ಅದಕ್ಕೂ ಮೊದಲು ಇಬ್ಬರೂ ಭರ್ಜಿ ಎಸೆತದ ಕ್ರೀಡಾಪಟುಗಳು. ಬೇಸ್‌ಬಾಲ್ ಚೆಂಡನ್ನು ಮುಟ್ಟಿದವರಲ್ಲ. 2009ರ ಜುಲೈ 4ರಂದು ಅವರು ಪೈರೇಟ್ಸ್‌ನ ಕಿರಿಯ ದರ್ಜೆಯ ತಂಡದ ಪರ ವೃತ್ತಿಪರ ಪಂದ್ಯಕ್ಕೆ ಕಾಲಿಟ್ಟರು. ಇಬ್ಬರೂ ಮೇಜರ್ ಲೀಗ್ ತಲುಪಲಿಲ್ಲ. ಅವರ ಕಥೆ 2014ರಲ್ಲಿ ಹಾಲಿವುಡ್ ಚಲನಚಿತ್ರವಾಯಿತು.

ಮತ್ತೆ ಸಾಧ್ಯವೇ?

ಮೇಲಿನ ದಾಖಲೆಗಳ ಪೈಕಿ ಹಲವು ಇನ್ನು ಮುಂದೆ ಪುನರಾವರ್ತನೆಯಾಗುವ ಸಂಭವ ಕಡಿಮೆ. ರಜಾದಿನಕ್ಕೆ ಎರಡು ಪಂದ್ಯ ಏರ್ಪಡಿಸುವ ವಾಡಿಕೆ ಬಹುತೇಕ ಮರೆಯಾಗಿದೆ. ಪಿಚರ್‌ಗಳ ತೋಳಿನ ರಕ್ಷಣೆಗಾಗಿ ಎಸೆತಗಳನ್ನು ಎಣಿಸಿ ಬದಲಿಸಲಾಗುತ್ತದೆ. ಹೆಚ್ಚುವರಿ ಇನ್ನಿಂಗ್ಸ್‌ಗಳನ್ನು ಎರಡನೇ ಬೇಸ್‌ನಲ್ಲಿ ಒಬ್ಬ ಆಟಗಾರನನ್ನು ನಿಲ್ಲಿಸಿಯೇ ಆರಂಭಿಸುವ ನಿಯಮ 2020ರಲ್ಲಿ ಬಂದು 2023ರಲ್ಲಿ ಕಾಯಂ ಆಯಿತು. ಆದ್ದರಿಂದ ಲೀಗ್ ಪಂದ್ಯಗಳು 19, 23 ಇನ್ನಿಂಗ್ಸ್‌ಗಳವರೆಗೆ ಎಳೆಯುವುದು ದುರ್ಲಭ. 2023ರಲ್ಲೇ ಎಸೆತಕ್ಕೆ ಕಾಲಮಿತಿ ವಿಧಿಸಿದ್ದರಿಂದ ಪಂದ್ಯದ ಸರಾಸರಿ ಅವಧಿ ಸುಮಾರು 24 ನಿಮಿಷ ತಗ್ಗಿತು.

2022ರಿಂದ ಎರಡೂ ಲೀಗ್‌ಗಳಲ್ಲಿ ಪಿಚರ್ ಬದಲು ಬೇರೊಬ್ಬರು ಬ್ಯಾಟಿಂಗ್ ಮಾಡುತ್ತಾರೆ. ಹೀಗಾಗಿ ನೋ-ಹಿಟ್ಟರ್ ದಿನವೇ ಎರಡು ಹೋಮ್ ರನ್ ಬಾರಿಸುವ ವೈಸ್, ಬೆಳಗಿನ ಜಾವ ತಂಡವನ್ನು ಉಳಿಸಿ ಮತ್ತೆ ಸೋಲಿಸಿದ ಕ್ಯಾಂಪ್ ಅಂತಹವರನ್ನು ಕಾಣುವುದು ತೀರಾ ಅಪರೂಪ. ಆದರೆ 27 ಔಟ್‌ಗಳ ಲೆಕ್ಕ ಬದಲಾಗಿಲ್ಲ. ಸೈ ಯಂಗ್ ಅವರಿಗೂ ಬ್ರೇಡನ್ ಅವರಿಗೂ ಅದು ಒಂದೇ ಆಗಿತ್ತು. ರಜಾದಿನದಂದು ಮಕ್ಕಳ ಕೈಹಿಡಿದು ಕ್ರೀಡಾಂಗಣಕ್ಕೆ ಬರುವವರು ಇಂದಿಗೂ ಕಾಯುವುದು ಅಂತಹದ್ದೊಂದು ದಿನಕ್ಕಾಗಿಯೇ.